ಅಣ್ಣನಿಲ್ಲದೆ ಬಂದ ದೋಣಿ

ಹೆಸರು ಹಿಡಿದು ಕೇಳಿದರೆ ಬಂದರಿನಲ್ಲಿ ಯಾರಿಗೂ ಅವನ ಗುರುತು ಹತ್ತುವುದಿಲ್ಲ. ಟಕಟಕಪ್ಪ ಅಂದರೆ ಸಾಕು, ಮನೆಯ ಬಾಗಿಲವರೆಗೂ ಬಿಟ್ಟು ಬರುತ್ತಾರೆ. ಹಳೆಯ ಹಾಯಿದೋಣಿ ಕೊಳ್ಳುವವರು ಮೊದಲು ಅವನನ್ನು ಕರೆಸುತ್ತಾರೆ. ಪುಟ್ಟ ಮರದ ಸುತ್ತಿಗೆಯಿಂದ ಅವನು ದೋಣಿಯ ಮೈಯನ್ನೆಲ್ಲ ಗೇಣುಗೇಣಿಗೂ ತಟ್ಟಿ ಕಿವಿಗೊಡುತ್ತಾನೆ. ಗಟ್ಟಿಯಿದ್ದ ಕಡೆ ಟಣ್, ನೀರು ಕುಡಿದು ಕೊಳೆತ ಕಡೆ ದಬ್. ಮಗಳನ್ನು ಕೇಳಲು ಬಂದ ಹುಡುಗನ ಬೆನ್ನನ್ನೂ ತಟ್ಟಿ ನೋಡಿಯೇ ಒಪ್ಪಿಕೊಂಡನಂತೆ ಎಂದು ಜನ ನಗುತ್ತಾರೆ.

ಆ ಮಗಳೂ ಅಳಿಯನೂ ಮನೆ ಮಾರಿ ನೀರಿನ ಮೇಲೆಯೇ ಬಾಳುವ ಮನಸ್ಸು ಮಾಡಿದರು. ಮಾರಾಟಕ್ಕೆ ಎರಡು ದೋಣಿಗಳಿದ್ದವು. ಒಂದೇ ಅಚ್ಚಿನಲ್ಲಿ ಒಂದೇ ವರ್ಷ ಹುಟ್ಟಿದವು, ನಲವತ್ತೈದು ಅಡಿಯ ಅವಳಿಗಳು. ಒಂದಕ್ಕೆ ನೀಲಿ ಪಟ್ಟೆ, ಒಂದಕ್ಕೆ ಕೆಂಪು. ಕೆಂಪನ್ನು ಕಂಡ ಟಕಟಕಪ್ಪನ ಕಾಲುಗಳು ಅಲ್ಲೇ ನಿಂತುಬಿಟ್ಟವು.

ಇಪ್ಪತ್ತೊಂದು ವರ್ಷದ ಹಿಂದೆ ಅವನ ಅಣ್ಣ ಒಬ್ಬನೇ ಹೊರಟದ್ದು ಅದರಲ್ಲಿ. ಐದನೆಯ ದಿನ ಮೀನುಗಾರರು ಎಳೆದು ತಂದಾಗ ದೋಣಿಯಿತ್ತು, ಅಣ್ಣನಿರಲಿಲ್ಲ. ಹಾಸಿಗೆ ಮಡಿಚಿಟ್ಟಿತ್ತು, ಲೋಟ ತೊಳೆದು ಬೋರಲು ಹಾಕಿತ್ತು. ಆ ವಾರವೆಲ್ಲ ಕಡಲು ಎಣ್ಣೆಯಂತೆ ಮಲಗಿತ್ತು. ಹೊರಡುವ ಮುಂಚೆ ಅದನ್ನು ತಟ್ಟಿ ನೋಡಿ, ಹೋಗಬಹುದು ಎಂದವನು ಇವನೇ. ಮನೆಯವರು ದೋಣಿಯನ್ನು ಶಪಿಸಿದರು. ಎಲ್ಲೋ ಒಂದು ದಬ್ ನನ್ನ ಕಿವಿ ತಪ್ಪಿಸಿಕೊಂಡಿತು ಎಂದು ಇವನು ತನ್ನನ್ನೇ ಶಪಿಸಿಕೊಂಡ.

ಅತ್ತಿಗೆ ಇವನ ಮಗಳ ಕೈಯಲ್ಲಿ ಹೇಳಿಕಳಿಸಿದ್ದಳು: ನೀಲಿಯದನ್ನೇ ಕೊಳ್ಳಿ, ಕೆಂಪಿನ ಸುದ್ದಿ ಬೇಡ.

ನೀಲಿಯದು ಅರ್ಧ ದಿನದಲ್ಲಿ ಮುಗಿಯಿತು. ಹಾಯಿಕಂಬದ ಬುಡದ ಸುತ್ತ, ಹೊಸ ಬಣ್ಣದ ಅಡಿಯಲ್ಲಿ, ಎರಡು ಮೊಳ ದಬ್.

ಕೆಂಪಿನದಕ್ಕೆ ಎರಡು ದಿನ ಹಿಡಿಯಿತು. ತಪ್ಪೊಂದು ಸಿಗಲಿ ಎಂದು ದೋಣಿಯನ್ನೇ ಬೇಡಿಕೊಳ್ಳುತ್ತಾ ತಟ್ಟಿದ. ಅಂಚಿನ ಸುತ್ತಲ ತಡೆಕಂಬಿಗಳನ್ನು ಹಿಡಿದು ಜಗ್ಗಿದ, ಒಂದೂ ಅಲುಗಲಿಲ್ಲ. ಕೆಲವೊಮ್ಮೆ ಅವನು ಸುತ್ತಿಗೆ ಎತ್ತಿದ ಮೇಲೂ ಒಳಗಿನಿಂದ ಇನ್ನೊಂದು ಟಣ್ ಕೇಳಿದಂತಾಗುತ್ತಿತ್ತು. ಹಲಗೆಗೆ ಕಿವಿಯಿಟ್ಟು ಕಾಯುತ್ತಿದ್ದ. ಏನೂ ಇಲ್ಲ. ಕಂಬಿ ಮುರಿದಿದ್ದರೆ, ಹಲಗೆ ಕುಸಿದಿದ್ದರೆ, ಅಣ್ಣ ಜಾರಿ ಬಿದ್ದ ಎನ್ನಬಹುದಿತ್ತು. ಗಟ್ಟಿ ದೋಣಿ, ಮಲಗಿದ ಕಡಲು, ತೊಳೆದಿಟ್ಟ ಲೋಟ. ಹಾಗಾದರೆ ಅಣ್ಣ ನೀರಿಗೆ ಹೋದದ್ದು ಹೇಗೆ? ಉತ್ತರ ಗಂಟಲಿಗೆ ಬಂತು, ನಾಲಗೆಗೆ ಬರಲು ಬಿಡಲಿಲ್ಲ.

ನೀಲಿ ಎಂದುಬಿಟ್ಟರೆ ಮನೆಯವರ ಶಾಪ ದೋಣಿಯ ಮೇಲೇ ಉಳಿಯುತ್ತಿತ್ತು, ಅಣ್ಣನ ಮಾನವೂ ಉಳಿಯುತ್ತಿತ್ತು. ಆದರೆ ನಡುಗಡಲಿನಲ್ಲಿ ಗಾಳಿ ಎದ್ದ ದಿನ ಆ ಕಂಬ ಮಗಳ ತಲೆಯ ಮೇಲೆ ಕಿತ್ತು ಬೀಳುತ್ತಿತ್ತು.

"ಕೆಂಪೇ ತಗೊಳ್ಳಮ್ಮ," ಎಂದ.

"ದೊಡ್ಡಮ್ಮಂಗೆ ಏನು ಹೇಳೋದಪ್ಪ?"

"ನಾನು ಹೇಳ್ತೀನಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಇಷ್ಟು ವರ್ಷ ಇದನ್ನ ಬೈದ್ವಿ."

ಇವನು ಹೋದಾಗ ಅತ್ತಿಗೆ ಕಿಟಕಿಯ ಬಳಿ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದಳು. ದೋಣಿಯಲ್ಲಿ ಆಗಲೂ ದೋಷವಿರಲಿಲ್ಲ, ಈಗಲೂ ಇಲ್ಲ ಎಂದು ಇವನು ಹೇಳಿದ. ಅವಳು ಗಂಟು ಹಾಕಿದಳು, ದಾರ ಕಡಿದಳು.

"ಗೊತ್ತು. ಹೊರಟ ದಿನ ಕನ್ನಡಕ ಇಲ್ಲೇ ಬಿಟ್ಟು ಹೋಗಿದ್ರು. ಅದಿಲ್ದೆ ಅವರಿಗೆ ನಕ್ಷೆ ಓದೋಕೇ ಆಗ್ತಿರ್ಲಿಲ್ಲ. ನಿನ್ನ ಕಿವಿದೇ ತಪ್ಪು ಅಂತ ನೀನು ಕೊರಗ್ತಿದ್ದೆ, ನಾನು ನೋಡ್ಕೊಂಡು ಸುಮ್ನಿದ್ದೆ."

ಎದ್ದು ಮೇಜಿನ ಖಾನೆ ಎಳೆದು ಕನ್ನಡಕವನ್ನು ಅವನ ಮುಂದಿಟ್ಟಳು. ಅದರ ಮೇಲೆ ಒಂದು ಚೂರೂ ಧೂಳಿರಲಿಲ್ಲ.