ಮೂರು ಸೆಕೆಂಡು ತಡವಾದ ‘ಸುಮ್ಕಿರೇ’

ಎರಡು ವರ್ಷದ ಹಿಂದಿನ ಮಾತು. ಮಾಗಡಿ ಪೇಟೆಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಆಗ ಹದಿನೆಂಟನೇ ವರ್ಷ. ಹೆಂಗಸಿನ ಕೈಯಲ್ಲಿ ಸ್ಕ್ರೂ ಡ್ರೈವರ್ ಕಂಡು ಮೂಗು ಮುರಿಯುತ್ತಿದ್ದವರೆಲ್ಲ ಅಷ್ಟು ಹೊತ್ತಿಗೆ ನನ್ನ ಗಿರಾಕಿಗಳಾಗಿದ್ದರು. ನನಗೂ ಒಂದಿಷ್ಟು ಕೊಬ್ಬು ಬಂದಿತ್ತು. ಅದನ್ನು ಇಳಿಸಿದವರು ಹತ್ತಿರದ ಹಳ್ಳಿ ಕಲ್ಯದ ಗೌರಮ್ಮ.

ಗೌರಮ್ಮನ ಗಂಡ ಪುಟ್ಟಸ್ವಾಮಿಯವರಿಗೆ ಗಂಟಲ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಆಪರೇಷನ್ನಿಗೆ ಮುಂಚಿನ ಒಂದು ತಿಂಗಳು, ಟೀಚರ್ ಆಗಿರುವ ಮಗಳು ಅಪ್ಪನ ಮಾತುಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿದ್ದಳು. ನೆಂಟರ ಹೆಸರು, ಹಸುಗಳ ಹೆಸರು, ಬೈಗುಳ, ಎಲ್ಲ ಸೇರಿ ಆರು ಸಾವಿರ ಪುಟ್ಟ ಫೈಲುಗಳು. ಹೆಂಡತಿಗೆ ಹೇಳುವ ‘ಸುಮ್ಕಿರೇ’ ಒಂದೇ ನಾಲ್ಕು ಧಾಟಿಯಲ್ಲಿತ್ತು. ಲ್ಯಾಪ್‌ಟಾಪ್‌ನಲ್ಲಿ ಎರಡಕ್ಷರ ಒತ್ತಿದರೆ ಸಾಕು, ಪ್ರೋಗ್ರಾಂ ಆರು ಸಾವಿರವನ್ನೂ ಜಾಲಾಡಿ ಬೇಕಾದ ಮಾತನ್ನು ಅವರದೇ ದನಿಯಲ್ಲಿ ನುಡಿಸುತ್ತಿತ್ತು.

ಅದಕ್ಕೆ ಎಸ್‌ಎಸ್‌ಡಿ ಹಾಕಿಕೊಟ್ಟವಳು ನಾನೇ. ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಡ್ರೈವ್ ಅದು. ಯಾವ ಮಾಹಿತಿ ಯಾವ ಮೂಲೆಯಲ್ಲಿದೆ ಎಂಬ ಪಟ್ಟಿಯನ್ನು ಅದು ಪದೇ ಪದೇ ನೋಡಬೇಕು. ದುಬಾರಿ ಡ್ರೈವ್‌ಗಳಲ್ಲಿ ಆ ಪಟ್ಟಿಗೆಂದೇ ಸ್ವಂತ ಮೆಮೊರಿ ಇರುತ್ತದೆ. ನಾನು ಹಾಕಿದ ಅಗ್ಗದ್ದರಲ್ಲಿ ಇರಲಿಲ್ಲ. ಅಂಥದ್ದು ಕಂಪ್ಯೂಟರಿನ ಮೆಮೊರಿಯಲ್ಲೇ ತುಸು ಜಾಗ ಎರವಲು ಪಡೆಯುತ್ತದೆ. ಇಲ್ಲಿ ನಾಲ್ಕು ಜಿಬಿಯಲ್ಲಿ ಅರವತ್ತನಾಲ್ಕು ಎಂಬಿ. ಹೋಸ್ಟ್ ಮೆಮೊರಿ ಬಫರ್ ಎಂದು ಅದರ ಹೆಸರು. ಎರವಲು ಸಿಗದಿದ್ದರೂ ಡ್ರೈವ್ ನಿಲ್ಲುವುದಿಲ್ಲ, ಆದರೆ ಪಟ್ಟಿ ನೋಡಲು ಪ್ರತಿ ಸಲ ತನ್ನ ನಿಧಾನದ ಚಿಪ್‌ಗಳಿಗೇ ಹೋಗಬೇಕಾಗುತ್ತದೆ.

ಐದಾರು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಅಪ್‌ಡೇಟ್ ಬಂದು, ಇಂಥ ಡ್ರೈವ್ ಇದ್ದ ಕೆಲವು ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೈಕೊಡತೊಡಗಿದವು. ನಾನು ಹೆದರಿ, ಅಂಗಡಿಗೆ ಬಂದ ಅಂಥವಕ್ಕೆಲ್ಲ ಎರವಲನ್ನೇ ನಿಲ್ಲಿಸಿದೆ. ಕೀಬೋರ್ಡ್ ಬದಲಿಸಲು ಬಂದಿದ್ದ ಪುಟ್ಟಸ್ವಾಮಿಯವರ ಲ್ಯಾಪ್‌ಟಾಪಿಗೂ ಅದೇ ಚಿಕಿತ್ಸೆ. ಎಲ್ಲೂ ಬರೆದಿಡಲಿಲ್ಲ, ಮರೆತೂಬಿಟ್ಟೆ.

ತಿಂಗಳಾದ ಮೇಲೆ ಗೌರಮ್ಮ ಅದನ್ನು ಹೊತ್ತು ತಂದರು. “ಒಸಿ ನಿಧಾನ ಆಗೈತೆ ಕಣವ್ವ.”

ದೊಡ್ಡ ಫೈಲೊಂದನ್ನು ಕಾಪಿ ಮಾಡಿ ವೇಗ ಅಳೆದೆ. ಹೊಸದರ ಹಾಗೇ ಇತ್ತು. ಏನೂ ಆಗಿಲ್ಲ ಎಂದು ಕಳಿಸಿದೆ. ಮರುವಾರ ಮತ್ತೆ ಬಂದರು. ಮತ್ತೆ ಅದನ್ನೇ ಹೇಳಿದೆ, ಈ ಸಲ ಸ್ವಲ್ಪ ಗಡುಸಾಗಿ.

ಅವರು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕುತ್ತಾ ಹೇಳಿದರು: “ನಿನ್ ಮಿಷನ್ನು ಹೇಳಾದು ಸರಿ ಇರ್ಬೋದು. ಆದ್ರೆ ಅವ್ರು ನನ್ ಜೊತೆ ಜಗಳಾನೇ ಆಡ್ದೆ ಹದಿನೈದು ದಿನ ಆಯ್ತು. ಮಾತೇ ಬ್ಯಾಡ ಅಂತ ಮುಚ್ಚಿಟ್ಬುಟ್ಟವ್ರೆ.”

ಆ ಮಾತು ಮನಸ್ಸಿಗೆ ನಾಟಿತು. ಭಾನುವಾರ ಕಲ್ಯಕ್ಕೆ ಹೋದೆ. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಅಣಿಯಾಗುವ ಹೊತ್ತು. ನನಗಾಗಿ ಪುಟ್ಟಸ್ವಾಮಿಯವರು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರು. ಸೊಪ್ಪಿನ ಮಂಕರಿ ಹೊತ್ತ ಗೌರಮ್ಮ ಬಾಗಿಲಲ್ಲಿ ನಿಂತು, “ಮುದ್ದೆ ಈಗ್ಲೇ ಇಕ್ಲಾ?” ಎಂದು ಕೇಳಿದರು. ಪುಟ್ಟಸ್ವಾಮಿಯವರು ಅಕ್ಷರ ಒತ್ತಿದರು. ಒಂದು, ಎರಡು, ಮೂರು. ಗೌರಮ್ಮ ಹುಳುವಿನ ಮನೆಗೆ ಹೋಗಿಯಾಗಿತ್ತು. “ಒಸಿ ತಡಿ,” ಎಂದಿತು ದನಿ, ಖಾಲಿ ಬಾಗಿಲಿಗೆ. ಅವರು ನನ್ನ ಕಡೆ ನೋಡಿ ನಕ್ಕು, ಲ್ಯಾಪ್‌ಟಾಪ್ ಮುಚ್ಚಿದರು.

ನನ್ನ ಕಣ್ಣು ತುಂಬಿತು. ಒಂದು ದೊಡ್ಡ ಫೈಲಿಗೆ ಪಟ್ಟಿಯನ್ನು ಹೆಚ್ಚು ತಿರುವಬೇಕಿಲ್ಲ. ಆರು ಸಾವಿರ ಪುಟ್ಟ ಫೈಲಿಗೆ ಮತ್ತೆ ಮತ್ತೆ ತಿರುವಬೇಕು. ಆ ಮೂರು ಸೆಕೆಂಡು ನಾನೇ ಮಾಡಿದ್ದು ಎಂದು ಆಗ ಹೊಳೆಯಿತು.

ನೀಲಿ ಪರದೆಯ ಕಾಯಿಲೆಗೆ ಮದ್ದಾಗಿ ಡ್ರೈವಿನ ಒಳಗಿನ ತಂತ್ರಾಂಶ ಹೊಸದು ಬಂದು ವಾರಗಳೇ ಆಗಿದ್ದವು. ಮೊದಲು ಆರು ಸಾವಿರ ಮಾತನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡು, ಆ ಹೊಸ ತಂತ್ರಾಂಶ ಹಾಕಿ, ಎರವಲನ್ನು ಮತ್ತೆ ಚಾಲೂ ಮಾಡಿದೆ. ಗೌರಮ್ಮ ಬಂದ ಮೇಲೆ ಇಬ್ಬರಿಗೂ ಎರವಲಿನ ಕತೆ ಹೇಳಿ ನನ್ನ ತಪ್ಪು ಒಪ್ಪಿಕೊಂಡೆ.

“ಗೂಡು ಕಟ್ಸಾಕೆ ಪಕ್ಕದ ಮನೆ ಚಂದ್ರಂಕಿ ತರಾಂಗೆ ಅನ್ನು,” ಎಂದರು ಗೌರಮ್ಮ. ಚಂದ್ರಂಕಿ ಎಂದರೆ ಹಣ್ಣಾದ ಹುಳುಗಳನ್ನು ಬಿಡುವ ಬಿದಿರಿನ ತಟ್ಟೆ. ನಾಲ್ಕೈದು ದಿನದ ಕೆಲಸಕ್ಕೆ ಬೇಕಾದಷ್ಟನ್ನೂ ಯಾರೂ ಸ್ವಂತಕ್ಕೆ ಇಟ್ಟುಕೊಳ್ಳುವುದಿಲ್ಲ.

“ಹೂಂನಮ್ಮ. ಕಂಪ್ಯೂಟರ್ ಆಫ್ ಆಗೋಕೆ ಮುಂಚೆ ವಾಪಸ್ ಕೊಟ್ಟುಬಿಡುತ್ತೆ.”

“ನಮ್ಮೋರ್ಗಿಂತ ವಾಸಿ ಬುಡು. ಇವ್ರು ಹೋದ್ ಬೆಳೆಗೆ ತಂದ್ ಚಂದ್ರಂಕಿಯ ಇನ್ನೂವೆ...”

“ಸುಮ್ಕಿರೇ.”

ಮಾತು ಮುಗಿಯುವ ಮುಂಚೆಯೇ ಬಂದಿತ್ತು, ನಾಲ್ಕರಲ್ಲಿ ಅತಿ ಜೋರಿನದು. ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಬಿಟ್ಟಲ್ಲಿಂದಲೇ ಜಗಳ ಮುಂದುವರಿಸಿದರು.

ಅಂದಿನಿಂದ ನಾನು ಏನನ್ನು ಆಫ್ ಮಾಡಿದರೂ ಚೀಟಿ ಬರೆದು ಲ್ಯಾಪ್‌ಟಾಪಿನ ತಳಕ್ಕೆ ಅಂಟಿಸುತ್ತೇನೆ. ವೇಗ ಅಳೆಯುವ ಮುಂಚೆ, ಇದರಲ್ಲಿ ನೀವು ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಹದಿನೆಂಟು ವರ್ಷ ನಾನು ಕೇಳಿರಲಿಲ್ಲ.

ಹೋದ ತಿಂಗಳು ಪೇಟೆಗೆ ಬಂದಿದ್ದ ಗೌರಮ್ಮ ಅಂಗಡಿಯೊಳಗೆ ಇಣುಕಿ ದೂರು ಹೇಳಿದರು: “ಒಂದ್ ಮಾತ್ ಮುಗ್ಸಾಕೂ ಬುಡಾಕಿಲ್ಲ ಕಣವ್ವ ಅವ್ರು.”

ಅದಕ್ಕೆ ನನ್ನ ಹತ್ತಿರ ರಿಪೇರಿ ಇಲ್ಲ ಎಂದೆ.