ಮುನ್ನೂರ ಇಪ್ಪತ್ತು ಲೋಟ, ಒಂದೇ ನೀರು

ಬೆಳಗಿನ ಐದು ಗಂಟೆ. ಚರ್ಚಿನ ಹಿಂಬದಿಯ ಅಡುಗೆಕೋಣೆಯಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಕಲ್ಲಿನ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತ ಲೋಟದಕ್ಕ, ಹೆಬ್ಬೆರಳುದ್ದದ ಗಾಜಿನ ಲೋಟವೊಂದನ್ನು ಬಿಸಿನೀರಿನಲ್ಲಿ ಅದ್ದುತ್ತಾರೆ. ಕಿರುಬೆರಳಿಗೆ ಸುತ್ತಿದ ಬಟ್ಟೆಯನ್ನು ಅದರೊಳಗೆ ಒಂದು ಸುತ್ತು ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ಮಗುಚಿ ಇಡುತ್ತಾರೆ. ಒಂದಾಯಿತು. ಇನ್ನು ಮುನ್ನೂರ ಹತ್ತೊಂಬತ್ತು ಇವೆ.

ಇವತ್ತು ತಿಂಗಳ ಮೊದಲ ಭಾನುವಾರ, ಪ್ರಭುಭೋಜನದ ದಿನ. ಆರಾಧನೆಗೆ ಬಂದವರೆಲ್ಲ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುತ್ತಾರೆ. ರಸಕ್ಕೆ ಈ ಪುಟ್ಟ ಲೋಟಗಳು. ಒಟ್ಟು ಎಂಟು ತಟ್ಟೆ, ತಟ್ಟೆಗೆ ನಲವತ್ತು. ತೊಳೆದು ಒರೆಸಿ ಜೋಡಿಸಲು ಎರಡೂವರೆ ಗಂಟೆ ಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಅವರ ಕೈಯಿಂದ ಒಡೆದದ್ದು ಹನ್ನೊಂದೇ ಲೋಟ. ಪತ್ರಿಕೆಗೆ ಬರೆಯಲು ಬಂದು ಪಕ್ಕದಲ್ಲಿ ಕೂತವರಿಗೆ ಒಂದೊಂದರ ಕಥೆಯನ್ನೂ ಸತ್ತ ನೆಂಟರ ಕಥೆ ಹೇಳಿದಂತೆ ಹೇಳುತ್ತಾರೆ.

ಅರವತ್ತೊಂದರ ಈ ಹೆಂಗಸು ಗಂಡನನ್ನು ಕಳೆದುಕೊಂಡಾಗ ಮಗ ಇನ್ನೂ ಶಾಲೆಯಲ್ಲಿದ್ದ. ಚರ್ಚು ಗುಡಿಸುವ, ಒರೆಸುವ, ಲೋಟ ತೊಳೆಯುವ ಕೆಲಸ ಸಿಕ್ಕಿತು, ಲೋಟದಕ್ಕ ಎಂಬ ಹೆಸರೂ. ಅದೇ ಕೆಲಸ ಮಗನನ್ನು ಬಸ್ ಮೆಕ್ಯಾನಿಕ್ ಮಾಡಿತು, ಮನೆಗೆ ಸೊಸೆಯನ್ನೂ ತಂದಿತು. ಕೆಲಸಕ್ಕೆ ಸೇರಿದ ದಿನವೇ ಆಗಿನ ಕಾರ್ಯದರ್ಶಿಯ ಹೆಂಡತಿ ಒಂದು ಪಾಠ ಹೇಳಿಕೊಟ್ಟರಂತೆ. ಎಂಬತ್ತು ಲೋಟಗಳ ತಳದಲ್ಲಿ ಕೆಂಪು ಚುಕ್ಕೆ ಇರುತ್ತದೆ. ಅವನ್ನು ಕೊನೆಯಲ್ಲಿ, ಬೇರೆ ನೀರಿನಲ್ಲಿ ತೊಳೆಯಬೇಕು. ಅವು ಹಿಂದಿನ ನಾಲ್ಕು ಸಾಲಿನವರಿಗೆ.

ಹಿಂದಿನ ನಾಲ್ಕು ಸಾಲಿನಲ್ಲಿ ಕೂರುವವರು ತೊಗಲು ಹದ ಮಾಡುವ ಬೀದಿಯವರು. ಅವರಿಗೂ ಅದೇ ದೀಕ್ಷಾಸ್ನಾನ, ಅದೇ ಹಾಡು, ಅದೇ ಪ್ರಾರ್ಥನೆ. ಅವರ ಕೈಯಲ್ಲಿ ಹದವಾದ ತೊಗಲು ಬೂಟಾಗಿ ಮೊದಲ ಸಾಲಿಗೆ ಬರಬಹುದು, ರಟ್ಟಾಗಿ ವೇದಿಕೆಯ ಮೇಲಿನ ಬೈಬಲನ್ನು ಅಪ್ಪಿಕೊಳ್ಳಬಹುದು. ಆ ತೊಗಲನ್ನು ಹದ ಮಾಡಿದವರು ಮಾತ್ರ ಐದನೇ ಕಂಬ ದಾಟುವಂತಿಲ್ಲ. ಹಾಗೆಂದು ಎಲ್ಲೂ ಬರೆದಿಲ್ಲ. ಗೇಟಿನ ಮೇಲೆ ಬರೆದಿರುವುದು 'ಎಲ್ಲರಿಗೂ ಸ್ವಾಗತ' ಎಂದು, ವರ್ಷ ವರ್ಷ ಹೊಸ ಬಣ್ಣ ಬಳಿದು. ಬಾಯಿ ಬೆಲ್ಲ, ಕರುಳು ಕತ್ತರಿ ಎಂದರೆ ಇದೇ. ದೇವರ ಮನೆಯಲ್ಲಿ ನಿಂತು ಇಂಥ ಲೆಕ್ಕ ಹಾಕುವವರಿಗೆ ನಾಚಿಕೆಯಾಗಬೇಕಿತ್ತು, ಆಗಿಲ್ಲ.

ಸೇರಿದ ಮೂರನೇ ತಿಂಗಳಲ್ಲೇ ಎಡವಟ್ಟಾಯಿತು. ನೀರು ಕುದಿ ಬಂದದ್ದು ನೋಡದೆ ಲೋಟಗಳನ್ನೆಲ್ಲ ಒಟ್ಟಿಗೆ ಮುಳುಗಿಸಿಬಿಟ್ಟರು. ಚುಕ್ಕೆಗಳೆಲ್ಲ ಕರಗಿಹೋದವು. ಹೊಸ ಕೆಲಸ, ಯಾರನ್ನೂ ಕೇಳುವ ಹಾಗಿಲ್ಲ. ಯಾವುದು ಯಾರದ್ದೆಂದು ತಿಳಿಯಲು ಮುನ್ನೂರ ಇಪ್ಪತ್ತನ್ನೂ ಒಂದೊಂದಾಗಿ ಎತ್ತಿಕೊಂಡರು.

"ಮೂಸಿ ನೋಡ್ದೆ ಕಣಮ್ಮ. ತೊಗಲಿನ ನಾತ ಇರುತ್ತೆ, ಅದಕ್ಕೇ ಬೇರೆ ಅಂತ ಹೇಳಿದ್ರಲ್ಲ. ಒಂದ್ರಲ್ಲೂ ಇರ್ಲಿಲ್ಲ. ಬರೀ ಸೋಪಿನ ವಾಸನೆ."

ಅಂದಿನಿಂದ ಅವರು ಎಲ್ಲ ಲೋಟವನ್ನೂ ಒಂದೇ ನೀರಿನಲ್ಲಿ ತೊಳೆಯತೊಡಗಿದರು. ಪ್ರತಿ ತಿಂಗಳೂ ಹಳೆ ಚುಕ್ಕೆ ಕೆರೆದು, ಕೈಗೆ ಸಿಕ್ಕ ಎಂಬತ್ತು ಲೋಟಕ್ಕೆ ಉಗುರುಬಣ್ಣದಿಂದ ಹೊಸ ಚುಕ್ಕೆ ಇಡುತ್ತಿದ್ದರು. ಈ ತಿಂಗಳು ಹಿಂದಿನ ಸಾಲಿಗೆ ಹೋದ ಲೋಟ ಮುಂದಿನ ತಿಂಗಳು ಕಾರ್ಯದರ್ಶಿಯ ತುಟಿಗೆ ತಾಗುತ್ತಿತ್ತು. ಯಾರಿಗೂ ಒಂದು ಕೆಮ್ಮೂ ಬರಲಿಲ್ಲ. ತಿಂಗಳು ತಿಂಗಳು ಕೆಂಪು ಉಗುರುಬಣ್ಣ ಕೊಳ್ಳುವ ಅತ್ತೆಯನ್ನು ನೋಡಿ ಸೊಸೆ ಮಾತ್ರ, ಈ ವಯಸ್ಸಿನಲ್ಲಿ ಇದೇನು ಶೋಕಿ ಎಂದು ನಗುತ್ತಿದ್ದಳು.

ಎರಡು ವಾರದ ಹಿಂದೆ ಸಭೆಯ ಹಿರಿಯರ ಕಮಿಟಿ ಕೂಡಿತ್ತು. ಹಿಂದಿನ ಸಾಲಿಗೆ ಇನ್ನು ಮೇಲೆ ಪ್ಲಾಸ್ಟಿಕ್ ಲೋಟ, ಕುಡಿದು ಎಸೆದರಾಯಿತು ಎಂದು ಕಾರ್ಯದರ್ಶಿ ಹೇಳಿದರು. ಆರೋಗ್ಯದ ದೃಷ್ಟಿಯಿಂದ ಎಂಬ ಒಗ್ಗರಣೆ ಬೇರೆ. ಟೀ ತಂದಿದ್ದ ಲೋಟದಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟು, ಹತ್ತೊಂಬತ್ತು ವರ್ಷದ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಹಿರಿಯರೊಬ್ಬರು ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡರಂತೆ. ಹತ್ತೊಂಬತ್ತು ವರ್ಷದ್ದು ಅಲ್ಲೇ ಅಂಟಿಕೊಂಡಿತ್ತೇನೋ ಎಂಬಂತೆ! ಪಾಸ್ಟರ್ ಅಯ್ಯನವರು ಟೀ ಕಪ್ಪನ್ನೇ ನೋಡುತ್ತಾ ಕೂತಿದ್ದರು.

ಮೂರನೇ ದಿನ ಕಾಗದ ಬಂತು. ತಪ್ಪಾಯಿತೆಂದು ಬರೆದು ಸಹಿ ಹಾಕಬೇಕು, ವಿಷಯ ಹೊರಗೆ ಹೋಗಬಾರದು, ಇಲ್ಲವಾದರೆ ಕೆಲಸ ಇಲ್ಲ. ಮಗ ಹೆದರಿದ. ಬೇರೆ ಕೆಲಸ ಯಾರು ಕೊಡುತ್ತಾರೆ, ಒಂದು ಸಹಿ ತಾನೆ, ಹಾಕಿಬಿಡಮ್ಮ ಎಂದ. ಅಮ್ಮ ಕಾಗದ ಹಿಡಿದು ಕಾರ್ಯದರ್ಶಿಯ ಬಳಿಗೆ ಹೋದರು.

"ಯಾವ ಲೋಟ ಯಾರದ್ದು ಅಂತ ನೀವೇ ಆರಿಸಿ ಕೊಡಿ ಸ್ವಾಮಿ. ಕೊಟ್ರೆ ಸಹಿ ಹಾಕ್ತೀನಿ," ಎಂದರಂತೆ. ಅವರು ಬಾಗಿಲು ಹಾಕಿಕೊಂಡರು.

ಅಷ್ಟು ಹೊತ್ತಿಗೆ ಸುದ್ದಿ ಊರೆಲ್ಲ ಸುತ್ತಿತ್ತು. ಪ್ಲಾಸ್ಟಿಕ್ ಲೋಟ ಇನ್ನೂ ಬಂದಿರಲಿಲ್ಲ, ಅವರ ಬದಲಿಗೆ ಬೇರೆ ಆಳೂ ಸಿಕ್ಕಿರಲಿಲ್ಲ. ಹಾಗಾಗಿ ಈ ಬೆಳಿಗ್ಗೆ ಅವರ ಮುಂದಿರುವುದು ಅದೇ ಗಾಜಿನ ಲೋಟಗಳು. ಹಳೆ ಚುಕ್ಕೆಗಳನ್ನು ಕೆರೆದು ತೆಗೆಯುತ್ತಾರೆ. ಹೊಸ ಚುಕ್ಕೆ ಇಡುವುದಿಲ್ಲ.

ಒಂಬತ್ತೂವರೆಗೆ ತಟ್ಟೆಗಳು ಒಳಗೆ ಹೋಗುತ್ತವೆ. ಅಡುಗೆಕೋಣೆಯ ಬಾಗಿಲ ಸಂದಿಯಿಂದ ಲೋಟದಕ್ಕ ನೋಡುತ್ತಾರೆ. ಹಂಚಲು ನಿಂತ ಹಿರಿಯರಿಗೆ ಯಾವ ತಟ್ಟೆ ಯಾವ ಸಾಲಿಗೆಂದು ತಿಳಿಯುವುದಿಲ್ಲ. ಒಬ್ಬರು ತುಂಬಿದ ಲೋಟವನ್ನೇ ಎತ್ತಿ ವಾಲಿಸಿ ತಳ ನೋಡಲು ಹೋಗಿ, ಬಿಳಿ ಅಂಗಿಯ ತೋಳಿನ ಮೇಲೆ ದ್ರಾಕ್ಷಾರಸ ಚೆಲ್ಲಿಕೊಳ್ಳುತ್ತಾರೆ. ಹಿಂದಿನ ಸಾಲಿನ ಅಜ್ಜಿಯೊಬ್ಬಳಿಗೆ ನಗು ತಡೆಯಲಾಗುವುದಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಕೊನೆಗೆ ತಟ್ಟೆಗಳು ಸಿಕ್ಕಸಿಕ್ಕ ಕಡೆಗೆ ಹೋಗುತ್ತವೆ. ಪಾಸ್ಟರ್ ಪ್ರಾರ್ಥನೆ ಹೇಳುತ್ತಾರೆ. ಕುಡಿಯುವ ಸದ್ದಿಗಿಂತ ಲೋಟ ಕೆಳಗಿಡುವ ಸದ್ದು ಕೆಲವು ಸಾಲಿನಲ್ಲಿ ಜೋರಾಗಿ ಕೇಳುತ್ತದೆ.

ಆರಾಧನೆ ಮುಗಿದ ಕೂಡಲೇ ಕಾರ್ಯದರ್ಶಿ ಬಂದು ಬೀಗದ ಕೈ ಕೇಳುತ್ತಾರೆ. ಮುಖ ನೋಡುವುದಿಲ್ಲ. ಲೋಟದಕ್ಕ ಸೊಂಟದಿಂದ ಬಿಚ್ಚಿ ಕೊಡುತ್ತಾರೆ, ಎಂಜಲು ಲೋಟ ಬಿಟ್ಟು ಹೋಗುವವಳಲ್ಲ, ತೊಳೆದಿಟ್ಟೇ ಹೋಗುತ್ತೇನೆ ಎನ್ನುತ್ತಾರೆ. ಅವರು ಮತ್ತೆ ತೊಟ್ಟಿಯ ಮುಂದೆ ಕೂತಾಗ ಹತ್ತೊಂಬತ್ತು ವರ್ಷದ ಸಂಬಳ, ಮಗನ ಹೆದರಿಕೆ ಎಲ್ಲವೂ ಆ ಕೋಣೆಯಲ್ಲೇ ಇವೆ. ಕಣ್ಣು ತುಂಬಿ ಬಂದದ್ದನ್ನು ಅವರು ಮರೆಮಾಚುವುದಿಲ್ಲ.

ತುಂಬಿದ ಹಾಗೇ ವಾಪಸು ಬಂದ ಲೋಟಗಳು ನಲವತ್ತೊಂದು. ಎಲ್ಲವೂ ಮುಂದಿನ ಸಾಲುಗಳವು. ತಮ್ಮ ದೇವರನ್ನೇ ಬೇಡವೆಂದು ತಳ್ಳಿ ಎದ್ದು ಹೋದ ನಲವತ್ತೊಂದು ಮಂದಿ! ಅದನ್ನೇ ತಲೆಬರಹ ಮಾಡಬೇಕೆಂದು ಬರೆಯಲು ಬಂದವರ ಕೈ ತುರಿಸುತ್ತದೆ. ಲೋಟದಕ್ಕ ತಲೆಯಲ್ಲಾಡಿಸುತ್ತಾರೆ. ಒದ್ದೆ ಬೆರಳುಗಳಲ್ಲಿ ಲೆಕ್ಕ ಹಿಡಿಯುತ್ತಾರೆ.

"ಅದನ್ನೂ ಬರೀರಿ, ಬೇಡ ಅನ್ನಲ್ಲ. ಆದ್ರೆ ಮುಂದಿನ ಸಾಲ್ನೋರು ಇನ್ನೂರ ನಲವತ್ತು ಜನ. ಅದ್ರಲ್ಲಿ ನೂರ ತೊಂಬತ್ತೊಂಬತ್ತು ಜನ ಕುಡಿದಿದ್ದಾರೆ. ಅದನ್ನ ಮೊದಲು ಬರೀರಿ. ಇಷ್ಟು ವರ್ಷ ಅವ್ರಿಗೆ ಗೊತ್ತಿಲ್ದೆ ಕುಡಿಸಿದ್ದೆ. ಇವತ್ತು ಗೊತ್ತಿದ್ದೂ ಕುಡಿದ್ರು."