ಗೂಡ್ಸ್ ಗಾಡಿಯೂ ಶಾಂತಿಯ ಭಾಷಣವೂ

ಬಂಗಾರಪೇಟೆ ಸ್ಟೇಷನ್ನಿನ ಪಕ್ಕದಲ್ಲಿ ಬೆಳೆದ ನಮ್ಮಂಥವರಿಗೆ ನೆಲ ಅಲುಗಿದರೆ ಗೊತ್ತಾಗುವುದಿಲ್ಲ. ಗೂಡ್ಸ್ ಗಾಡಿ ಹೋದಾಗಲೆಲ್ಲ ಅಡುಗೆಮನೆಯ ಲೋಟಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ನಾವು ಮುದ್ದೆ ನುಂಗುವುದನ್ನು ನಿಲ್ಲಿಸುವವರಲ್ಲ. ಇದನ್ನು ನಾನು ಧೈರ್ಯವೆಂದೇ ತಿಳಿದಿದ್ದೆ.

ನನ್ನ ತಂಗಿ ರತ್ನಳ ಗಂಡ ಮುನಿಯಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಗಾರ. ಒಮ್ಮೆ ನಾನು ಗಣಿಯ ಪಕ್ಕದ ಅವರ ಮನೆಗೆ ಹೋದಾಗ ಆತ ಪಾಳಿಗೆ ಹೊರಟಿದ್ದ. ಅಂದು ದೇಶದ ದೊಡ್ಡ ನಾಯಕರೊಬ್ಬರು ರೇಡಿಯೋದಲ್ಲಿ ಇಂಗ್ಲಿಷಿನಲ್ಲಿ ಮಾತಾಡುವವರಿದ್ದರು.

"ಬಾವ, ನೀವು ಮೇಷ್ಟ್ರು. ಎಲ್ಲಾ ಕೇಳ್ಕೊಂಡು ಸಾಯಂಕಾಲ ನಂಗೆ ಏಳ್ಬೇಕು," ಎಂದು ಹೇಳಿ ಹೋದ.

ಅಕ್ಕಪಕ್ಕದ ಹೆಂಗಸರೂ ಬಂದು ಕೂತರು. ಮೇಷ್ಟರಿಗೆ ಕೇಳುವವರು ಸಿಕ್ಕರೆ ಕೇಳಬೇಕೆ? ನಾಯಕರು ಯುದ್ಧ ಬೇಡವೆಂದರು. ನಾನು ಕನ್ನಡದಲ್ಲಿ ಅದಕ್ಕೆ ಕಳಿಂಗ ಯುದ್ಧವನ್ನೂ ಎಳೆದು ತಂದೆ. ದುಡಿಯುವವರ ಮನೆಯಲ್ಲಿ ನೆಮ್ಮದಿ ಇರಬೇಕೆಂದರು. ನಾನು ಕಣ್ಣು ಮುಚ್ಚಿ ಆ ನೆಮ್ಮದಿಯನ್ನು ಬಣ್ಣಿಸತೊಡಗಿದೆ. ನಡುವೆ ಲೋಟಗಳು ಗಲಗಲ ಎಂದವು. ಗೂಡ್ಸ್ ಗಾಡಿ ಎಂದುಕೊಂಡು ದನಿ ಏರಿಸಿದೆ. ಕಣ್ಣು ಬಿಟ್ಟರೆ ಎದುರಿಗೆ ಒಬ್ಬರೂ ಇಲ್ಲ!

ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಆ ಮನೆಯ ಹತ್ತಿರ ಹಳಿಯೇ ಇಲ್ಲವೆಂಬುದು ಆಗ ಹೊಳೆಯಿತು. ಕೆಳಗೆ ಗಣಿಯಲ್ಲಿ ಬಂಡೆ ಸಿಡಿದು ಮೇಲಿನ ಮನೆಗಳೂ ಅಲುಗಿದ್ದವು. ಮುನಿಯಪ್ಪನೂ ಕೆಳಗಿದ್ದ.

ಓಡಿದೆ. ಗಣಿಯ ಬಾಯಿಯ ಹತ್ತಿರ ಹೆಂಗಸರೆಲ್ಲ ತುಟಿಪಿಟಕ್ಕೆನ್ನದೆ ನಿಂತಿದ್ದರು. ರತ್ನಳ ಕೈ ಹಿಡಿದದ್ದೇ ನನಗೆ ಅಳು ಬಂತು.

"ಅಳ್ಬೇಡಣ್ಣ," ಎಂದು ಗದರಿಸಿದಳು. "ಅವ್ರು ಮೇಲಕ್ಕೆ ಬರೋಗಂಟ ಇಲ್ಲಿ ಯಾರೂ ಅಳಲ್ಲ."

ನಾನು ಅಷ್ಟು ಹೊತ್ತು ಕೊಂಡಾಡಿದ ಶಾಂತಿಗಿಂತ ಆ ಮೌನ ದೊಡ್ಡದಾಗಿತ್ತು. ನನಗೆ ನಿಜವಾಗಿ ಭಯವಾಯಿತು.

ಕೊನೆಗೆ ಮೇಲೆ ಬಂದವರಲ್ಲಿ ಮುನಿಯಪ್ಪನೂ ಇದ್ದ, ಮೈಯೆಲ್ಲ ಧೂಳು. ರತ್ನ ಆಗ ಅತ್ತಳು. ಅವನು ನನ್ನನ್ನು ನೋಡಿದ.

"ಭಾಷಣ ಬಿಟ್ಟು ಬಂದ್ಬಿಟ್ರಾ ಬಾವ? ಏನಂದ್ರು?"

ಕಳಿಂಗ ಯುದ್ಧವನ್ನು ಅಲ್ಲೇ ಕೈಬಿಟ್ಟೆ. "ಜಗಳ ಬೇಡ, ದುಡಿಯೋರು ಸುಖವಾಗಿರಬೇಕು ಅಂದರು," ಎಂದೆ.

"ಒಳ್ಳೇ ಮಾತು," ಎಂದ ಮುನಿಯಪ್ಪ, ಮುಖ ಒರೆಸಿಕೊಳ್ಳುತ್ತ. "ಬಂಡೆಗೂ ಕೇಳಂಗೆ ಕೆಳಗಡೆ ಒಂದು ರೇಡಿಯೋ ಇಕ್ಕಬೇಕಾಗಿತ್ತು."

ಆ ನಾಯಕರ ಮಾತಿನ ಮೇಲೆ ನನಗೆ ಈಗಲೂ ಗೌರವವಿದೆ. ಆದರೆ ಬಂಗಾರಪೇಟೆಯಲ್ಲಿ ಲೋಟ ಅಲುಗಿದರೆ ಊಟ ಬಿಟ್ಟು ಎದ್ದು ನಿಲ್ಲುತ್ತೇನೆ. "ಗಾಡಿ ಕಣ್ರೀ, ಕೂತ್ಕೊಳ್ಳಿ," ಎನ್ನುತ್ತಾಳೆ ನನ್ನಾಕೆ, ತುತ್ತು ನುಂಗುತ್ತ. ಅವಳ ಧೈರ್ಯ ಕಂಡು ನನಗೆ ಗಾಬರಿಯಾಗುತ್ತದೆ.